ಹೆಪ್ಪುಗಟ್ಟಿದ ಸರೋವರದ ಮೇಲೆ ಒಂದು ‘ಅಡ್ಡಿಲ್ಲ’

ಕೊಪ್ಪ

ಫಿನ್ಲೆಂಡಿಗೆ ಹೋಗಿ ಬಂದ ಮೇಲೆ ಕಮ್ಮರಡಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರೆಲ್ಲ ಕೇಳುವುದು ಊಟದ ವಿಷಯ. "ಅಲ್ಲಿ ಅನ್ನ ಸಿಗ್ತದಾ ಮಾರಾಯ್ರೇ?" ಸಿಗುತ್ತದೆ. ಆಮೇಲೆ ಚಳಿಯ ವಿಷಯ. ಇದೆ, ಬೇಕಾದಷ್ಟಿದೆ. ಅಷ್ಟಕ್ಕೆ ಮಾತು ಮುಗಿಸಿ ಬಸ್ಸು ಹತ್ತಿಬಿಡುತ್ತೇನೆ. ಉಳಿದದ್ದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುವಂಥದ್ದಲ್ಲ. ಬರೆದರೆ ಹೇಳಲು ಆಗಬಹುದೇನೋ ಅಂತ ಕೂತಿದ್ದೇನೆ.

ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಸಿಟ್ಟು ಬೇಗ ಬರುತ್ತದೆ ಅಂತ ಮನೆಯಲ್ಲೂ ಕ್ಲಾಸಿನಲ್ಲೂ ಹೆಸರಿದೆ, ಇರಲಿ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಅನ್ನುವುದನ್ನು ನಾವು ಕಲಿಸುವ ಚಂದ ಹೇಳುತ್ತೇನೆ ಕೇಳಿ. ಪುಸ್ತಕದಲ್ಲಿದ್ದದ್ದು ಬೋರ್ಡಿಗೆ ಬರುತ್ತದೆ, ಬೋರ್ಡಿನಲ್ಲಿದ್ದದ್ದು ನೋಟ್ಸಿಗೆ ಇಳಿಯುತ್ತದೆ, ಅಲ್ಲಿಂದ ಪರೀಕ್ಷೆಗೆ ಹೋಗಿ ಖಾಲಿಯಾಗುತ್ತದೆ. ಕೊನೆಗೆ ಪ್ರಾಜೆಕ್ಟ್ ಅಂತ ಒಂದಿರುತ್ತದೆ. ಹಿಂದಿನ ವರ್ಷದವರದ್ದಕ್ಕೆ ಹೊಸ ರಟ್ಟು ಹಾಕಿಸಿ ತಂದುಕೊಡುತ್ತಾರೆ, ನಾವೂ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತೇವೆ.

ಹೀಗಿರುವಾಗ ನಮ್ಮ ಕಾಲೇಜಿಗೂ ಫಿನ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೂ ಹೇಗೋ ನಂಟು ಬೆಳೆದು, ಅವರ ಕೋರ್ಸಿಗೆ ನಮ್ಮ ಇಬ್ಬರು ಮಕ್ಕಳು ಸೇರುವುದು ಅಂತಾಯಿತು. ಅವರ ಇಬ್ಬರು, ನಮ್ಮ ಇಬ್ಬರು ಸೇರಿ ಒಂದು ತಂಡ. ಮೊದಲ ತಿಂಗಳುಗಳ ಕೆಲಸವೆಲ್ಲ ಕೊಪ್ಪದ ಲ್ಯಾಬಿನಲ್ಲಿ ಕೂತೇ. ಕೊನೆಯ ಕೆಲವು ವಾರ ಅಲ್ಲಿಗೇ ಹೋಗಿ ಮುಗಿಸುವುದು. ಮಕ್ಕಳ ಜೊತೆಗೆ ಒಬ್ಬ ಮೇಷ್ಟ್ರು ಹೋಗಬೇಕಿತ್ತು, ಅದು ನನ್ನ ಪಾಲಿಗೆ ಬಂತು.

ಇಬ್ಬರಲ್ಲಿ ಪ್ರಜ್ವಲ್ ಶೃಂಗೇರಿ ಕಡೆಯ ಹುಡುಗ, ಮಾತಿನ ಮಲ್ಲ, ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತಾನೆ. ಇನ್ನೊಬ್ಬಳು ರಕ್ಷಿತಾ, ಮುತ್ತಿನಕೊಪ್ಪದವಳು. ಅಪ್ಪ ಅಮ್ಮ ಇಬ್ಬರೂ ಬೇರೆಯವರ ತೋಟದ ಕೆಲಸಕ್ಕೆ ಹೋಗುವವರು. ನನ್ನ ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ ಅವಳಷ್ಟು ಶುದ್ಧವಾಗಿ ಪ್ರೋಗ್ರಾಮ್ ಬರೆಯುವವರನ್ನು ನಾನು ನೋಡಿಲ್ಲ. ಅಲ್ಲಿಯವರು ಒಂದು ಮಾತು ಕೊಟ್ಟಿದ್ದರು: ಈ ಕೋರ್ಸಿನಲ್ಲಿ ಒಳ್ಳೆಯ ದರ್ಜೆ ಪಡೆದ ಹೊರಗಿನ ಒಬ್ಬರಿಗೆ ಅಲ್ಲಿಯೇ ಎಂ.ಎಸ್ಸಿ. ಓದುವ ಸೀಟು, ಫೀಸಿಲ್ಲದೆ, ಇದೇ ವರ್ಷ. ಪ್ರಜ್ವಲನಿಗೆ ಅದರ ಮೇಲೆ ಆಸೆಯಿರಲಿಲ್ಲ. ರಕ್ಷಿತಾಗೆ ಅದು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಸೀಟು ಸಿಗದಿದ್ದರೆ ಬಾಳೆಹೊನ್ನೂರಿನ ಗೊಬ್ಬರದ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಅವಳಪ್ಪ ಆಗಲೇ ಮಾತಾಡಿ ಇಟ್ಟಿದ್ದ.

ಹೊರಡುವ ದಿನ ಕೊಪ್ಪದ ಬಸ್ ಸ್ಟ್ಯಾಂಡಿಗೆ ಅವಳಮ್ಮ ಬಂದಿದ್ದರು. ಕೆಲಸಕ್ಕೆ ರಜೆ ಹಾಕಿ ಬಂದವರು, ಮಗಳ ಹತ್ತಿರ ಏನೂ ಮಾತಾಡಲಿಲ್ಲ, ನನ್ನ ಹತ್ತಿರ ಮಾತ್ರ ಹೇಳಿದರು. "ಸರ್, ಅವ್ಳು ಬಾಯಿ ಬಿಟ್ಟು ಎಂತದೂ ಹೇಳದಿಲ್ಲ. ಒಂದು ಸಲ ಕೇಳಿ ಬಿಡಬೇಡಿ, ಇನ್ನೊಂದು ಸಲ ಕೇಳಿ." ನಾನು ಆಯ್ತಮ್ಮ ಎಂದೆ.

ಎರಡನೇ ಸಲ ಕೇಳದ ಊರು

ಊರಿನ ಹೆಸರು ಬರೆಯುವುದಿಲ್ಲ. ಬರೆದರೂ ಓದಲು ಬರುವುದಿಲ್ಲ. ಅಲ್ಲಿ ಇದ್ದಷ್ಟು ದಿನ ನನಗೂ ಬರಲಿಲ್ಲ. ಏಪ್ರಿಲ್ ತಿಂಗಳು. ನಮ್ಮಲ್ಲಿ ಸೆಕೆಗೆ ಬೆವರು ಇಳಿಯುವ ಕಾಲ, ಅಲ್ಲಿ ಇನ್ನೂ ಊರಿನ ನಡುವಿನ ದೊಡ್ಡ ಸರೋವರ ಕಲ್ಲಿನಂತೆ ಹೆಪ್ಪುಗಟ್ಟಿ ಕೂತಿತ್ತು. ನನ್ನ ಹೆಂಡತಿ ಒತ್ತಾಯದಿಂದ ಹಾಕಿಸಿದ್ದ ಮಂಕಿ ಕ್ಯಾಪ್ ಮೊದಲ ದಿನವೇ ಮರ್ಯಾದೆ ಉಳಿಸಿತು.

ಅಲ್ಲಿಯ ಜನ ಮಾತಾಡುವುದಿಲ್ಲ. ನಾವು ಮಲೆನಾಡಿನವರೂ ಹೆಚ್ಚು ಗಲಾಟೆಯವರಲ್ಲ, ಆದರೂ ಇದು ಅತಿಯಾಯಿತು. ಬಸ್ ಸ್ಟಾಪಿನಲ್ಲಿ ಒಬ್ಬರಿಗೊಬ್ಬರು ಮೈಲಿಗೆಯಾದವರ ಹಾಗೆ ದೂರ ದೂರ ನಿಲ್ಲುತ್ತಾರೆ. ಪ್ರಜ್ವಲ್ ಅಭ್ಯಾಸಬಲದಿಂದ ಒಬ್ಬರ ಪಕ್ಕಕ್ಕೆ ಹೋಗಿ ನಿಂತ. ಅವರು ಪಕ್ಕಕ್ಕೆ ಸರಿದರು. ಇವನು ಪಾಪ ಅವರಿಗೆ ಜಾಗ ಸಾಲದೇನೋ ಎಂದುಕೊಂಡು ತಾನೂ ಸರಿದ. ಹೀಗೇ ಸರಿದು ಸರಿದು ಇಬ್ಬರೂ ಸ್ಟಾಪಿನ ಹೊರಗೆ ಹಿಮದಲ್ಲಿ ನಿಂತಿದ್ದರು, ಬಸ್ಸು ಬಂದು ಹೋಯಿತು.

ನನ್ನ ಗತಿಯೂ ಅಷ್ಟೆ. ಕೋರ್ಸು ನಡೆಸುವ ಪ್ರೊಫೆಸರ್ ಹೆಲೆನಾ ಎಂಬಾಕೆ, ನನ್ನದೇ ವಯಸ್ಸು, ಮೊದಲ ದಿನ ತನ್ನ ರೂಮಿಗೆ ಕರೆದು "ಕಾಫಿ?" ಎಂದಳು. ನಾನು ಮನೆಗೆ ಬಂದ ನೆಂಟನ ಹಾಗೆ "ಅಯ್ಯೋ, ಬೇಡ" ಎಂದೆ. ಇನ್ನೊಂದು ಸಲ ಕೇಳುತ್ತಾರೆ, ಆಗ "ಸ್ವಲ್ಪ ಕೊಡಿ" ಎನ್ನುವುದು ತಾನೆ ಕ್ರಮ? ಆಕೆ ಸರಿ ಎಂದು ತನಗೆ ಮಾತ್ರ ಬಗ್ಗಿಸಿಕೊಂಡು ಕುಡಿಯತೊಡಗಿದಳು. ಬೆಳಗಿನಿಂದ ಕಾಫಿ ಕಾಣದ ನಾನು ಅದರ ಪರಿಮಳ ಮೂಸುತ್ತ ಕೋರ್ಸಿನ ನಿಯಮ ಕೇಳಿಸಿಕೊಂಡೆ. ಹೊರಗೆ ಬಂದು ರಕ್ಷಿತಾ ಹತ್ತಿರ ಹೇಳಿದರೆ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ನಂಗೂ ಹಂಗೇ ಆಯ್ತು ಸರ್. ಊಟ ಬೇಕಾ ಅಂದ್ರು, ಬೇಡ ಅಂದೆ, ಹೋಗೇ ಬಿಟ್ರು." ಆ ಪ್ರವಾಸದಲ್ಲಿ ಅವಳು ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ.

ಕ್ಲಾಸು

ಅವರ ಕೋರ್ಸಿನಲ್ಲಿ ಪಾಠ ಅಂತ ಹೆಚ್ಚೇನೂ ಇಲ್ಲ. ಒಂದು ತಂಡ, ತಂಡಕ್ಕೊಬ್ಬ ಗಿರಾಕಿ. ಗಿರಾಕಿ ಎಂದರೆ ಊರಿನಲ್ಲಿ ನಿಜವಾಗಿ ಏನೋ ಬೇಕಾಗಿರುವ ಮನುಷ್ಯ. ಎರಡು ವಾರಕ್ಕೊಮ್ಮೆ ಅವನು ಬಂದು ಆದಷ್ಟು ಕೆಲಸ ನೋಡುತ್ತಾನೆ, ಇದು ಬೇಕು, ಇದು ಬೇಡ ಎನ್ನುತ್ತಾನೆ, ಮತ್ತೆ ಎರಡು ವಾರ ಕೆಲಸ. ನಮ್ಮ ತಂಡದಲ್ಲಿ ಅವರ ಕಡೆಯ ಯೂಹೊ ಎಂಬ ಉದ್ದನೆಯ ಹುಡುಗ, ಮತ್ತು ಎಲ್ಲಾ ಎಂಬ ಹೆಸರಿನ ಹುಡುಗಿ. ಈ ಹೆಸರಿನಿಂದ ನಮಗೆ ಆದ ಫಜೀತಿ ಒಂದೆರಡಲ್ಲ. "ಎಲ್ಲಾ ಬಂದಾಯ್ತಾ?" ಎಂದು ನಾನು ಕೇಳಿದರೆ "ಎಲ್ಲಾ ಬಂದಿಲ್ಲ ಸರ್, ಉಳ್ದವ್ರೆಲ್ಲ ಬಂದಿದಾರೆ" ಎಂದು ಪ್ರಜ್ವಲ್ ಕೀಟಲೆ ಮಾಡುತ್ತಿದ್ದ.

ದಿನಾ ಬೆಳಿಗ್ಗೆ ನಾಲ್ವರೂ ವೃತ್ತವಾಗಿ ನಿಲ್ಲಬೇಕು. ಕೂರುವಂತಿಲ್ಲ, ಕೂತರೆ ಮಾತು ಉದ್ದವಾಗುತ್ತದಂತೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಏನಾದರೂ ಅಡ್ಡಿ ಇದೆಯಾ? ಇಷ್ಟೇ ಪ್ರಶ್ನೆ. ಯೂಹೊ, ಎಲ್ಲಾ ಇಬ್ಬರೂ ಅಡ್ಡಿಗಳನ್ನು ಸಲೀಸಾಗಿ ಹೇಳುತ್ತಿದ್ದರು. ಇದು ಬರುವುದಿಲ್ಲ, ಅದು ಅರ್ಥವಾಗಲಿಲ್ಲ, ನಿನ್ನೆ ಪ್ರಜ್ವಲ್ ಬರೆದದ್ದು ಚೆನ್ನಾಗಿಲ್ಲ. ಮುಖದ ಮೇಲೇ! ನಮ್ಮವರ ಸರದಿ ಬಂದಾಗ ಎರಡೇ ಮಾತು, "ನೋ ಪ್ರಾಬ್ಲಂ". ರಕ್ಷಿತಾ ಅದನ್ನು ಎಷ್ಟು ಮೆತ್ತಗೆ ಹೇಳುತ್ತಿದ್ದಳೆಂದರೆ ನನಗೆ ಒಳಗೊಳಗೆ ನಮ್ಮೂರಿನ ‘ಅಡ್ಡಿಲ್ಲ’ ಕೇಳಿಸುತ್ತಿತ್ತು.

ಮುಖ್ಯವಾದ ನಿಯಮ ಇನ್ನೊಂದು. ಒಬ್ಬರು ಬರೆದದ್ದನ್ನು ತಂಡದ ಇನ್ನೊಬ್ಬರು ಸಾಲು ಸಾಲಾಗಿ ಓದಿ ಒಪ್ಪಬೇಕು, ಆಮೇಲೇ ಅದು ಒಟ್ಟು ಕೆಲಸದೊಳಗೆ ಸೇರುವುದು. ಓದಿದವರ ಮುಂದೆ ಪರದೆಯ ಮೇಲೆ ಎರಡು ಗುಂಡಿ ಇರುತ್ತದೆ. ಹಸಿರು ಎಂದರೆ ಒಪ್ಪಿಗೆ. ಕೆಂಪು ಎಂದರೆ ತಿದ್ದಿ ತಾ. ಪಕ್ಕದಲ್ಲಿ ಮಾತು ಬರೆಯಲು ಸ್ವಲ್ಪ ಜಾಗ. ಯೂಹೊ ಬರೆದದ್ದನ್ನೆಲ್ಲ ಓದುವ ಕೆಲಸ ರಕ್ಷಿತಾಳದ್ದು.

ನಮ್ಮ ಗಿರಾಕಿಯ ಹೆಸರು ಎಸ್ಕೊ. ಎಪ್ಪತ್ತು ದಾಟಿದ, ಕೆಂಪು ಮುಖದ ಮುದುಕ. ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ಗಾಳ ಹಾಕುವವರ ಸಂಘವೊಂದಿತ್ತು, ಅದರ ಪರವಾಗಿ ಬರುತ್ತಿದ್ದ. ಅವರ ಕಷ್ಟ ಇದು: ಚಳಿಗಾಲ ಮುಗಿಯುತ್ತ ಬಂದಾಗ ಮಂಜುಗಡ್ಡೆ ಒಂದು ಕಡೆ ದಪ್ಪ ಇರುತ್ತದೆ, ಇನ್ನೊಂದು ಕಡೆ ಕೆಳಗಿನಿಂದ ಸವೆದಿರುತ್ತದೆ. ಮೇಲೆ ನೋಡಿದರೆ ಎಲ್ಲ ಒಂದೇ ಬಿಳಿ. ಸದಸ್ಯರು ಅಲ್ಲಲ್ಲಿ ಕೊರೆದು ದಪ್ಪ ಅಳೆಯುತ್ತಾರೆ. ಆ ಅಳತೆ ಎಲ್ಲರ ಫೋನಿನಲ್ಲೂ ನಕ್ಷೆಯಾಗಿ ಕಾಣಬೇಕು. ದಪ್ಪವಿದ್ದಲ್ಲಿ ಹಸಿರು, ತೆಳುವಿದ್ದಲ್ಲಿ ಕೆಂಪು, ಅಳತೆ ಹಳೆಯದಾದರೆ ಬೂದು. ಬೂದು ಎಂದರೆ ಗೊತ್ತಿಲ್ಲ, ಹೋಗಬೇಡ.

ಸರೋವರ

ಒಂದು ಶನಿವಾರ ಎಸ್ಕೊ ನಮ್ಮೆಲ್ಲರನ್ನೂ ಸರೋವರದ ಮೇಲೆ ಕರೆದುಕೊಂಡು ಹೋದ. ನೀರಿನ ಮೇಲೆ ನಡೆಯುವುದೆಂದರೆ ನನಗೆ ಜೀವ ಬಾಯಿಗೆ ಬಂದಿತ್ತು. ತುಂಗಾ ಹೊಳೆಯಲ್ಲಿ ಮಳೆಗಾಲದಲ್ಲಿ ಜನ ಕೊಚ್ಚಿಹೋದದ್ದು ಕಂಡವನು ನಾನು. ಪ್ರಜ್ವಲ್ ಕುಣಿದಾಡಿದ. ರಕ್ಷಿತಾ ಎಸ್ಕೊ ಇಟ್ಟ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ನಡೆದಳು.

ಎಸ್ಕೊಗೆ ಇಂಗ್ಲಿಷ್ ಹತ್ತಿಪ್ಪತ್ತು ಶಬ್ದ. ರಕ್ಷಿತಾಗೆ ಮಾತೇ ಕಡಿಮೆ. ಇಬ್ಬರಿಗೂ ಚೆನ್ನಾಗಿ ಹೊಂದಿತು. ಅವನು ಕೈಯಲ್ಲಿ ತಿರುಗಿಸುವ ದೊಡ್ಡ ಬೈರಿಗೆಯಿಂದ ತೂತು ಕೊರೆಯುತ್ತಿದ್ದ, ಅವಳು ಅಳತೆಪಟ್ಟಿ ಇಳಿಸಿ ಓದುತ್ತಿದ್ದಳು. ಮಕ್ಕಳ ಆ್ಯಪ್ ತೆರೆದು ಫೋನಿನಲ್ಲಿ ಅಳತೆ ಹಾಕಿದರೆ ಅದು ಹೋಗದೆ ಗಿರಗಿರ ತಿರುಗತೊಡಗಿತು. ಸರೋವರದ ನಡುವೆ ನೆಟ್‌ವರ್ಕ್ ಇರಲಿಲ್ಲ. "ಮನೆ. ಹೋಗುತ್ತೆ" ಎಂದ ಎಸ್ಕೊ. ಮನೆ ಮುಟ್ಟಿದ ಮೇಲೆ ತಾನಾಗಿಯೇ ಹೋಗುತ್ತದೆ ಎಂದರ್ಥ. ರಕ್ಷಿತಾ ಫೋನನ್ನೇ ನೋಡುತ್ತ ನಿಂತಳು. ಏನೇ ಎಂದು ಕೇಳಿದೆ. "ಎಂತ ಇಲ್ಲ ಸರ್" ಎಂದಳು.

ಹಿಂತಿರುಗುವಾಗ ಎಸ್ಕೊ ಚೀಲದಿಂದ ಒಂದು ಬನ್ನು ತೆಗೆದು ಅವಳಿಗೆ ಕೊಟ್ಟ. ಬೇಡ ಎಂದಳು. ಅವನು ಕೇಳಲೇ ಇಲ್ಲ, ಅವಳ ಕೈಗೆ ತುರುಕಿ ಮುಂದೆ ನಡೆದ. ಅಲ್ಲಿಯವರಲ್ಲಿ ಹಾಗೆ ಮಾಡಿದವನು ಅವನೊಬ್ಬನೇ.

ಸೋಮವಾರ

ಮುಂದಿನ ವಾರದಿಂದ ಸಂಘದ ಸದಸ್ಯರು ನಮ್ಮ ಮಕ್ಕಳ ಆ್ಯಪ್ ಬಳಸಿ ನೋಡತೊಡಗಿದರು. ಪ್ರಯೋಗಕ್ಕೆ ಮಾತ್ರ, ಇದನ್ನೇ ನಂಬಿಕೊಂಡು ನಡೆಯಬೇಡಿ ಎಂದು ಮೇಲುಗಡೆ ಬರೆದಿತ್ತು. ಅಂಥ ಬರಹವನ್ನು ಯಾರು ಓದುತ್ತಾರೆ ಹೇಳಿ.

ಅದು ಶುರುವಾಗಿ ವಾರ ಕಳೆದ ಸೋಮವಾರ ಬೆಳಿಗ್ಗೆ ನಾಲ್ವರೂ ವೃತ್ತವಾಗಿ ನಿಂತಿದ್ದಾಗ ಹೆಲೆನಾ ಒಳಗೆ ಬಂದಳು. ಎಲ್ಲರೂ ಕೂತುಕೊಳ್ಳಿ ಎಂದಳು. ಎಸ್ಕೊ ಭಾನುವಾರ ಸರೋವರ ದಾಟುವಾಗ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ. ಸಂಜೆ ಶವ ಸಿಕ್ಕಿತು. ಅಷ್ಟು ಹೇಳಿ ಆಕೆ ಕಿಟಕಿಯ ಕಡೆ ತಿರುಗಿ ನಿಂತಳು.

ಅದೇ ಕಿಟಕಿಯಿಂದ ಸರೋವರ ಕಾಣುತ್ತಿತ್ತು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಪ್ರಜ್ವಲ್ "ಅಯ್ಯೋ ದೇವ್ರೇ" ಎಂದ. ಯೂಹೊ ಕಂಪ್ಯೂಟರ್ ತೆರೆದು ಏನನ್ನೋ ಹುಡುಕಿ ನೋಡಿ, ಪರದೆಯನ್ನು ನಮ್ಮ ಕಡೆ ತಿರುಗಿಸಿ, ಎದ್ದು ಹೊರಗೆ ಹೋದ. ಎಸ್ಕೊ ಭಾನುವಾರ ಬೆಳಿಗ್ಗೆ ಮನೆಯಿಂದ ಹೊರಡುವ ಮುಂಚೆ ನಕ್ಷೆ ತೆರೆದು ನೋಡಿದ್ದ. ಅವನು ದಾಟಿದ ಜಾಗ ಹಸಿರು ಇತ್ತು.

ರಕ್ಷಿತಾ ಅಳಲಿಲ್ಲ. ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ಕಾರಿಡಾರಿಗೆ ಕರೆದು ಕೇಳಿದೆ, ಏನೂ ಇಲ್ಲ ಎಂದಳು. ಅವಳಮ್ಮ ಹೇಳಿದ್ದು ನೆನಪಾಗಿ ಇನ್ನೊಂದು ಸಲ ಕೇಳಿದೆ.

"ನಂಗೆ ಗೊತ್ತಿತ್ತು ಸರ್" ಎಂದಳು. "ನೆಟ್‌ವರ್ಕ್ ಇಲ್ದಿದ್ರೆ ಅಳತೆ ಫೋನಲ್ಲೇ ಕೂತಿರ್ತದೆ. ಆಮೇಲೆ ಯಾವಾಗ ಹೋಗ್ತದೋ ಆವತ್ತಿನ ತಾರೀಖು ಹಾಕ್ಕೊಂಡು ಹೋಗ್ತದೆ. ಹಿಂದಿನ ವಾರ ಅಳೆದದ್ದು ಇವತ್ತು ಅಳೆದಂಗೆ ಕಾಣ್ತದೆ. ಬೂದು ಆಗ್ಬೇಕಾದ್ದು ಹಸಿರಾಗೇ ಇರ್ತದೆ. ನಮ್ಮೂರಲ್ಲಿ ಹಂಗೇ ಅಲ್ದಾ ಸರ್, ಬೆಳಿಗ್ಗೆ ಕಳಿಸಿದ ಮೆಸೇಜು ಗುಡ್ಡ ಹತ್ತಿದ ಮೇಲೆ ಹೋಗದು. ಯೂಹೊಗೆ ಅದು ಹೊಳೀಲಿಲ್ಲ. ಅವ್ನು ನೆಟ್‌ವರ್ಕ್ ಇಲ್ದಿರೋ ಊರಲ್ಲಿ ಬೆಳೆದವ್ನಲ್ಲ."

"ಗೊತ್ತಿದ್ರೆ ಹೇಳದಲ್ದನೇ ಮಾರಾಯ್ತಿ?"

"ಹೇಳಿದ್ದೆ ಸರ್."

ಸಭೆ

ಅವರಲ್ಲಿ ಕೋರ್ಸಿನ ಕೊನೆಗೆ ಒಂದು ಸಭೆ ಇರುತ್ತದೆ. ಏನು ಚೆನ್ನಾಗಿ ಆಯಿತು, ಏನು ಕೆಟ್ಟಿತು ಎಂದು ತಂಡದವರೆಲ್ಲ ಕೂತು ಮಾತಾಡಬೇಕು. ಅದಕ್ಕೊಂದು ಕಟ್ಟುಪಾಡು: ತಪ್ಪು ಯಾರದ್ದು ಎಂದು ಕೇಳುವಂತಿಲ್ಲ, ತಪ್ಪು ಹೇಗೆ ನುಸುಳಿತು ಎಂದು ಮಾತ್ರ ಕೇಳಬೇಕು. ಬೆರಳು ತೋರಿಸಿದರೆ ಜನ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಯಾರೂ ಕಲಿಯುವುದಿಲ್ಲ ಎಂದು ಹೆಲೆನಾ ಮೊದಲೇ ಹೇಳಿದ್ದಳು. ಆಗ ನನಗೆ ಅದು ಬಹಳ ದೊಡ್ಡ ಮಾತು ಅನ್ನಿಸಿತ್ತು. ನಮ್ಮ ಕಾಲೇಜಿನಲ್ಲಿ ಪ್ರಿಂಟರ್ ಕೆಟ್ಟರೂ ಮೊದಲು ಹುಡುಕುವುದು ಕೊನೆಗೆ ಮುಟ್ಟಿದವನನ್ನು.

ಈ ಸಲ ಸಭೆ ಎಸ್ಕೊನ ಸಾವಿನ ಕುರಿತೇ ಆಯಿತು. ಮಾತೆಲ್ಲ ಇಂಗ್ಲಿಷಿನಲ್ಲಿ, ಮೆಲುದನಿಯಲ್ಲಿ. ಹೆಲೆನಾ ಯೂಹೊ ಬರೆದ ಭಾಗವನ್ನು ಗೋಡೆಯ ಪರದೆಯ ಮೇಲೆ ತೋರಿಸಿದಳು. ಅದರ ಕೆಳಗೆ ರಕ್ಷಿತಾ ಬರೆದ ಮಾತಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನೋ ಪ್ರಾಬ್ಲಂ. ಒಳ್ಳೆಯ ಕೆಲಸ. ಮೊಬೈಲಿಗೆ ನೆಟ್‌ವರ್ಕ್ ಇಲ್ಲದಿದ್ದರೆ ಯಾವ ತಾರೀಖು ಬರುತ್ತದೆ, ಸಾಧ್ಯವಾದರೆ ಒಮ್ಮೆ ನೋಡಿದರೆ ಒಳ್ಳೆಯದಿತ್ತು." ಅದರ ಪಕ್ಕದಲ್ಲಿ ಹಸಿರು ಗುರುತು.

ನಮ್ಮ ಕಡೆಯ ಯಾರಿಗೇ ಓದಿ ಹೇಳಿ, ಅದರ ಅರ್ಥ ಗೊತ್ತಾಗುತ್ತದೆ. ಹುಡುಗನ ಕಡೆಯವರು ಮನೆ ನೋಡಲು ಬಂದು "ಅಡ್ಡಿಲ್ಲ, ಒಂದು ಸಲ ಯೋಚ್ನೆ ಮಾಡಿದ್ರೆ ಒಳ್ಳೇದಿತ್ತು" ಅಂದರೆ ಆ ಸಂಬಂಧ ಮುರಿದಂತೆಯೇ. ಕೇಳಿದವರು ಕೂಡಲೇ "ಯಾಕೆ, ಎಂತಾಯ್ತು?" ಎಂದು ಕೇಳುತ್ತಾರೆ. ಆಗ ನಿಜವಾದ ಮಾತು ಹೊರಗೆ ಬರುತ್ತದೆ. ರಕ್ಷಿತಾ ಯೂಹೊ ಹಾಗೆ ಕೇಳಲೆಂದು ಕಾದಿದ್ದಳು.

"ನೋ ಪ್ರಾಬ್ಲಂ ಅಂತ ಇತ್ತು. ಹಸಿರು ಇತ್ತು" ಎಂದ ಯೂಹೊ. ಅವನ ಕಣ್ಣು ಊದಿಕೊಂಡಿತ್ತು. "ನನಗೆ ಖುಷಿಯಾಯಿತು. ಮುಂದಿನ ಕೆಲಸಕ್ಕೆ ಹೋದೆ."

ಹೆಲೆನಾ ರಕ್ಷಿತಾಳ ಕಡೆ ತಿರುಗಿದಳು. ಕೆಟ್ಟ ಹೆಂಗಸಲ್ಲ ಆಕೆ, ಹುಡುಗಿಯನ್ನು ಉಳಿಸಬೇಕೆಂದೇ ಇತ್ತು. "ನಿನಗೆ ಇದು ಬರೀ ಒಂದು ಅನುಮಾನವಾಗಿತ್ತು, ಅಲ್ಲವೇ? ಇಷ್ಟು ಅಪಾಯದ್ದು ಅಂತ ಗೊತ್ತಾಗಿರಲಿಲ್ಲ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಓದುವಾಗ ಕಣ್ಣು ತಪ್ಪಿತು, ಯಾರಿಗೂ ಆಗುವುದೇ, ಸೀಟು ಎಲ್ಲೂ ಹೋಗುತ್ತಿರಲಿಲ್ಲ. ಪ್ರಜ್ವಲ್ ಮೇಜಿನ ಕೆಳಗೆ ಅವಳ ಕಾಲು ತುಳಿದ. ಹೂಂ ಅನ್ನೇ ತಾಯಿ, ಒಂದು ಸಲ ಹೂಂ ಅಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ ಮೇಡಂ. ನನಗೆ ಗೊತ್ತಿತ್ತು" ಎಂದಳು ರಕ್ಷಿತಾ. "ನಾನು ಬೇಡ ಎಂದು ಹೇಳಿದ್ದೆ."

"ಎಲ್ಲಿ ಹೇಳಿದೆ?"

ಅವಳು ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ನೋ ಪ್ರಾಬ್ಲಂ.

ಯಾರೂ ನಗಲಿಲ್ಲ. ನಾನು ಎದ್ದು ನಿಂತು, ನಮ್ಮ ಕಡೆ ಬೇಡ ಎನ್ನುವುದನ್ನು ಹೀಗೇ ಹೇಳುತ್ತಾರೆ ಎಂದು ವಿವರಿಸಲು ಹೋದೆ. ಗಂಟಲು ಏರಿತು, ಇಂಗ್ಲಿಷ್ ಕೈಕೊಟ್ಟಿತು. ಅವರು ತಾಳ್ಮೆಯಿಂದ ಕೇಳಿದರು. ಕೇಳಿ ಮುಗಿದ ಮೇಲೆ ಹುಡುಗಿ ಎಲ್ಲಾ ಒಂದು ಪ್ರಶ್ನೆ ಕೇಳಿದಳು, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ. "ಕೆಂಪು ಗುಂಡಿ ಇತ್ತಲ್ಲ?"

ರಕ್ಷಿತಾ ನನಗೆ ಕನ್ನಡದಲ್ಲಿ ಹೇಳಿದಳು. "ಕೆಂಪು ಒತ್ತಿದ್ರೆ ಮುಖ ಮುರ್ದಂಗೆ ಆಗ್ತಿತ್ತು ಸರ್. ಅವ್ರ ಊರು, ಅವ್ರ ಕ್ಲಾಸು." ನಾನು ಅದನ್ನು ಇಂಗ್ಲಿಷಿಗೆ ತರಲಿಲ್ಲ, ನನ್ನಿಂದ ಆಗಲಿಲ್ಲ.

ಸಭೆ ಮುಗಿಯುವಾಗ ಹೆಲೆನಾ ಎಲ್ಲರಿಗೂ ಹೇಳಿದಳು, ಇದು ಯಾರ ತಪ್ಪೂ ಅಲ್ಲ, ನಮ್ಮ ಕೆಲಸದ ಕ್ರಮದಲ್ಲಿ ಒಂದು ತೂತಿತ್ತು. ಮುಂದಿನ ವರ್ಷದಿಂದ ಹಸಿರು ಒತ್ತುವಾಗ ಪಕ್ಕದಲ್ಲಿ ಪ್ರಶ್ನೆ ಬರೆಯಲು ಆಗದ ಹಾಗೆ ಮಾಡುವುದೆಂದು ಬರೆದುಕೊಂಡರು. ಮನಸ್ಸಿಗೆ ಕಷ್ಟವಾದರೆ ಮಾತಾಡಿ ಎಂದು ಒಬ್ಬ ಆಪ್ತಸಲಹೆಗಾರರ ಫೋನ್ ನಂಬರ್ ಕೊಟ್ಟರು.

ಮಾರನೆಯ ದಿನ ಹೆಲೆನಾ ನನ್ನನ್ನು ಮಾತ್ರ ಕರೆದಳು. ಅವಳ ಮುಖ ಬಾಡಿತ್ತು. ತಂಡ ಪಾಸು. ರಕ್ಷಿತಾ ಇಲ್ಲ. ಗೊತ್ತಿದ್ದೂ ಹಸಿರು ಒತ್ತಿದವರನ್ನು ಪಾಸು ಮಾಡಲು ತನ್ನಿಂದ ಆಗುವುದಿಲ್ಲ. ಬೇಕಾದರೆ ಬರುವ ವರ್ಷ ಮತ್ತೆ ಈ ಕೋರ್ಸಿಗೆ ಸೇರಬಹುದು.

"ಸೀಟು ಈ ವರ್ಷದ್ದಲ್ಲವಾ?" ಎಂದೆ.

"ಹೌದು."

ನನಗೆ ರೇಗಿಹೋಯಿತು. "ಯಾರ ತಪ್ಪೂ ಅಲ್ಲ ಎಂದವರು ನೀವೇ ಅಲ್ಲವಾ? ಬಾಯಿ ಮುಚ್ಚಿಕೊಂಡು ಕೂತಿದ್ದರೆ ಪಾಸು, ನಿಜ ಹೇಳಿದ್ದಕ್ಕೆ ಫೇಲಾ? ಯಾವ ಊರಿನ ನ್ಯಾಯ ಇದು?"

"ಸಭೆ ಬೇರೆ, ದರ್ಜೆ ಬೇರೆ" ಎಂದಳು ಹೆಲೆನಾ. ಆಕೆಯ ಕಣ್ಣು ತುಂಬಿತ್ತು, ಆದರೆ ದರ್ಜೆ ಬದಲಾಗಲಿಲ್ಲ.

ಎಸ್ಕೊ ಮನೆ

ರಕ್ಷಿತಾಗೆ ಹೇಳುವುದು ಹೇಗೆಂದು ನಾನು ಒದ್ದಾಡುತ್ತಿದ್ದರೆ ಅವಳೇ ಕೇಳಿ ತಿಳಿದುಕೊಂಡಳು. "ಫೇಲ್ ಮಾಡಿದ್ದು ಸರಿ ಸರ್" ಎಂದಳು. "ಅದಲ್ಲ ನಂಗೆ. ಒಬ್ರಾದ್ರೂ ಬೈತಾರೆ ಅಂದ್ಕೊಂಡಿದ್ದೆ. ಯಾರೂ ಎಂತದೂ ಅನ್ಲೇ ಇಲ್ಲ. ಬೇಜಾರ್ ಮಾಡ್ಕೋಬೇಡ ಅಂತಾರೆ. ಫೋನ್ ನಂಬರ್ ಕೊಡ್ತಾರೆ."

ಆಮೇಲೆ ಎಸ್ಕೊ ಮನೆಗೆ ಹೋಗಬೇಕು ಎಂದಳು. ಹೆಲೆನಾ ಬೇಡವೆಂದಳು. ವಿಶ್ವವಿದ್ಯಾಲಯದಿಂದ ಪತ್ರ ಹೋಗುತ್ತದೆ, ಹೇಳದೆ ಕೇಳದೆ ಮನೆಗೆ ಹೋಗುವುದು ಇಲ್ಲಿ ರೂಢಿಯಿಲ್ಲ, ಅದೂ ಇಂಥ ಹೊತ್ತಿನಲ್ಲಿ. "ಸಾವಾದ ಮನೆಗೆ ಹೋಗಿ ಮಾತಾಡಿಸ್ದೆ ಊರಿಗೆ ಹೋಗದು ಹೆಂಗೆ ಸರ್?" ಎಂದಳು ರಕ್ಷಿತಾ. ಎಸ್ಕೊನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಎಲ್ಲಾ ತಾನೇ ಫೋನ್ ಮಾಡಿ ಕೇಳಿ, ಕಾರಿನಲ್ಲಿ ನಮ್ಮನ್ನು ಕರೆದುಕೊಂಡು ಹೋದಳು. ಪ್ರಜ್ವಲ್ ಬರಲಿಲ್ಲ. ನನ್ನ ಕೈಲಾಗಲ್ಲ ಸರ್ ಎಂದು ರೂಮಿನಲ್ಲೇ ಉಳಿದ.

ಎಲ್ಲಾ ಬಿಳಿ ಹೂ ತಂದಿದ್ದಳು. ನಾವು ನಮ್ಮ ಕ್ರಮದ ಹಾಗೆ ಬರಿಗೈಯಲ್ಲಿ ಹೋಗಿದ್ದೆವು. ಮರದ ಚಿಕ್ಕ ಮನೆ. ಬಾಗಿಲ ಒಳಗೆ ಎಲ್ಲರೂ ಬೂಟು ಬಿಚ್ಚಿಟ್ಟೆವು, ಅಲ್ಲಿ ಎಸ್ಕೊನ ಬೂಟುಗಳೂ ಸಾಲಾಗಿದ್ದವು. ಹೆಂಡತಿ ಐಲಾ, ಸಣ್ಣಗೆ ಗಟ್ಟಿಮುಟ್ಟಾದ ಮುದುಕಿ, ನಮ್ಮನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ಏನೂ ಕೇಳದೆ ಕಾಫಿ ಬಗ್ಗಿಸಿದಳು. ಸೂತಕದ ಮನೆಯಲ್ಲಿ ಕುಡಿಯುವುದೇ ಎಂದು ನಾನು ಲೋಟ ಮುಟ್ಟದೆ ಕೂತೆ. ರಕ್ಷಿತಾ ಕುಡಿದಳು.

ಕುಡಿದು ಲೋಟ ಕೆಳಗಿಟ್ಟು ಇಂಗ್ಲಿಷಿನಲ್ಲಿ ಹೇಳಿದಳು, ಎಲ್ಲಾ ಅವರ ಭಾಷೆಗೆ ತಿರುಗಿಸಿದಳು. ಆ ನಕ್ಷೆಯಲ್ಲಿ ತಪ್ಪಿತ್ತು. ನಾನು ನೋಡಿದ್ದೆ. ನನಗೆ ಗೊತ್ತಿತ್ತು. ಸರಿಯಾಗಿ ಹೇಳಲಿಲ್ಲ, ಮೆತ್ತಗೆ ಹೇಳಿದೆ.

ಐಲಾ ಒಂದು ಪ್ರಶ್ನೆ ಕೇಳಿದಳು. ಎಲ್ಲಾ ಹಿಂಜರಿಯುತ್ತ ಅದನ್ನು ನಮಗೆ ಹೇಳಿದಳು: "ನಿಮ್ಮ ಊರಿನಲ್ಲಿ ಒಬ್ಬ ಮನುಷ್ಯ ನೀರಿಗೆ ಬೀಳುತ್ತಿದ್ದರೆ ಹೀಗೇ ಮೆತ್ತಗೆ ಹೇಳುತ್ತೀರಾ?"

"ಇಲ್ಲ" ಎಂದಳು ರಕ್ಷಿತಾ. "ಕೂಗುತ್ತೇವೆ."

"ಮತ್ತೆ ಯಾಕೆ ಕೂಗಲಿಲ್ಲ?"

ರಕ್ಷಿತಾಗೆ ಇಂಗ್ಲಿಷ್ ಸಿಗಲಿಲ್ಲ. ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿದಳು. "ನಂಗೆ ಅಲ್ಲಿ ಎಸ್ಕೊ ಕಾಣ್ಲಿಲ್ಲ ಸರ್. ಬರೀ ಯೂಹೊ ಬರೆದ ಅಕ್ಷರ ಕಾಣ್ತು. ಅಕ್ಷರಕ್ಕೆ ಯಾರಾದ್ರೂ ಕೂಗ್ತಾರಾ?"

ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ, ಎಲ್ಲಾ ಅವರ ಭಾಷೆಗೆ ಮಾಡಿದಳು. ಕೇಳಿ ಮುಗಿಯುವ ಮೊದಲೇ ಐಲಾ ಎದ್ದು ನಿಂತಳು. ಬೈಗುಳ ಶುರುವಾಯಿತು. ಆ ದೇಶದಲ್ಲಿ ಯಾರೂ ದನಿ ಏರಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇಜು ಗುದ್ದಿ ಗುದ್ದಿ ಬೈದಳು. ಎಲ್ಲಾ ಮೊದಲ ಎರಡು ಮಾತು ತಿರುಗಿಸಿ ಆಮೇಲೆ ನಿಲ್ಲಿಸಿಬಿಟ್ಟಳು, ಮುಖ ಮುಚ್ಚಿಕೊಂಡು ಅತ್ತಳು. ರಕ್ಷಿತಾ ಎದ್ದು, ಕೈ ಕಟ್ಟಿ, ತಲೆ ತಗ್ಗಿಸಿ ನಿಂತಳು. ಒಂದು ಶಬ್ದ ಅರ್ಥವಾಗದಿದ್ದರೂ ಎಲ್ಲವನ್ನೂ ಕೊನೆಯವರೆಗೆ ನಿಂತು ಕೇಳಿದಳು. ಮುದುಕಿ ಉಸಿರು ಸಾಲದೆ ಕುರ್ಚಿಯಲ್ಲಿ ಕುಸಿದಳು. ಆಗ ರಕ್ಷಿತಾ ನೀರು ತಂದು ಮುಂದಿಟ್ಟಳು. ಐಲಾ ಅದನ್ನು ಮುಟ್ಟಲಿಲ್ಲ.

ನಾವು ಎದ್ದು ಬಂದೆವು. ಹೊರಗೆ ಹಿಮ ಕರಗಿ ದಾರಿಯೆಲ್ಲ ಕೆಸರಾಗಿತ್ತು. ಎಲ್ಲಾ ಮುಂದೆ ಹೋಗಿ ಕಾರಿನಲ್ಲಿ ಕೂತಳು. ರಕ್ಷಿತಾಗೆ ಬೂಟಿನ ಲೇಸು ಕಟ್ಟಲಾಗಲಿಲ್ಲ. ನಾನು ಬಗ್ಗಿ ಕಟ್ಟಿದೆ. ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ.

"ಪಾಪ, ದುಃಖದಲ್ಲಿ ಬೈದ್ರು ಕಣೇ. ಮನ್ಸಿಗೆ ಹಚ್ಕೋಬೇಡ."

"ಹಚ್ಕೋಬೇಕು ಸರ್" ಎಂದಳು. "ಅದಕ್ಕೇ ಬಂದಿದ್ದು."